ಫಾಲ್ಗುಣದ ಗುಳ್ಳವ್ವ

ಗಿರಿಯಪ್ಪ ಉಣಕಲ್ ಕೆರೆ ದಂಡೆಯ ತೋಟಕ್ಕೆ ಕಾವಲಿನವನಾಗಿ ಬಂದಮೇಲೆ ಅಲ್ಲಿಯ ಬೀದಿನಾಯಿಗಳು ಸಹ ಹುಷಾರಾಗಿ ಹೆಜ್ಜೆ ಇಡತೊಡಗಿದವು ಎಂದು ಗೇಟಿನ ಮುಂದೆ ಗಿರಮಿಟ್ ಮಾರುವ ತಾಜಬಿ ಹೇಳುತ್ತಿದ್ದಳು. ಚೇಷ್ಟೆಯ ಮಾತಾದರೂ ಸುಳ್ಳಲ್ಲ. ಬೆಳಿಗ್ಗೆ ತಿರುಗಾಡಲು ಬರುವ ಹಿರಿಯರ ಕೈಯಲ್ಲಿ ಚೀಲವಿದ್ದರೆ ಅವರು ಹೂ ಕದಿಯಲು ಬಂದವರು. ಚೀಲವಿಲ್ಲದಿದ್ದರೆ ಕಿಸೆಯಲ್ಲಿ ತುಂಬಿಕೊಂಡು ಹೋಗಲು ಬಂದವರು. ಹುಡುಗ ಹುಡುಗಿ ಮೈಗೆ ಮೈ ಹತ್ತಿ ಕೂತರೆ ಅವನಿಗೆ ಒಂದು ಪಾಲು ಸಂಶಯ. ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಕೆರೆ ನೋಡುತ್ತಿದ್ದರೆ ನಾಲ್ಕು ಪಾಲು. ಗುರುತಿಲ್ಲದವರು ಇಷ್ಟೆಲ್ಲ ಬೆಂಚು ಬಿಟ್ಟು ಒಂದೇ ಬೆಂಚಿಗೆ ಯಾಕೆ ಬರಬೇಕು? ಆ ಪ್ರಶ್ನೆಗೆ ಅವನಿಗೆ ಉತ್ತರ ಬೇಕಾಗಿರಲಿಲ್ಲ.

ಅವನನ್ನು ಬೈಯುವ ಮೊದಲು ಅವನು ಬದುಕಿದ ಬಗೆಯನ್ನು ನೋಡಬೇಕು. ವಯಸ್ಸೆಲ್ಲ ಅವನು ಹುಬ್ಬಳ್ಳಿಯ ಒಂದು ನೂಲಿನ ಗಿರಣಿಯ ಗೇಟಿನಲ್ಲಿ ಕಳೆದಿದ್ದ. ಪಾಳಿ ಮುಗಿಸಿ ಹೊರಬೀಳುವವರ ಮೈ ತಡವುವುದು, ಬುತ್ತಿಯ ಡಬ್ಬಿ ಬಿಚ್ಚಿಸುವುದು, ಧೋತರದ ಒಳಗೆ ಸೊಂಟಕ್ಕೆ ನೂಲು ಸುತ್ತಿಕೊಂಡವರನ್ನು ಹಿಡಿಯುವುದು ಅವನ ಕೆಲಸ. ನಗುತ್ತ ಬರುವವನು ಏನನ್ನೋ ಬಚ್ಚಿಟ್ಟಿದ್ದಾನೆ, ಜಗಳ ತೆಗೆಯುತ್ತ ಬರುವವನು ಇನ್ನೂ ಹೆಚ್ಚು ಬಚ್ಚಿಟ್ಟಿದ್ದಾನೆ ಎಂಬುದು ಅಲ್ಲಿ ಅವನು ಕಲಿತ ವಿದ್ಯೆ. ಸಂಶಯಪಡುವುದಕ್ಕೇ ಅವನಿಗೆ ಪಗಾರ ಕೊಡುತ್ತಿದ್ದರು. ತೊಂಬತ್ತರ ದಶಕದ ನಡುವೆ ಗಿರಣಿ ಮುಚ್ಚಿತು, ಪಗಾರ ನಿಂತಿತು, ಸಂಶಯ ಮಾತ್ರ ನಿಲ್ಲಲಿಲ್ಲ. ಕೆಲವು ವರ್ಷ ಅಲ್ಲಿ ಇಲ್ಲಿ ಅಲೆದು ಕೊನೆಗೆ ತನ್ನ ಊರಿನ ಕೆರೆಯ ತೋಟಕ್ಕೇ ಬಂದು ಸೇರಿದ. ಮನೆಯಲ್ಲಿ ಹೆಂಡತಿ ಸಾವಂತ್ರೆವ್ವ ಒಲೆಯಿಂದ ಹಾಲಿಳಿಸಿದರೆ ಅದರ ಬಣ್ಣ ನೋಡಿ ಗೌಳಿಗನ ವಂಶವನ್ನೇ ಜಾಲಾಡುತ್ತಿದ್ದ. ಆಕೆ ಕೇಳಿಸಿಕೊಳ್ಳದೆ ಬದುಕುವುದನ್ನು ಎಂದೋ ರೂಢಿ ಮಾಡಿಕೊಂಡಿದ್ದಳು.

ಈ ಸಂಶಯ ಅವನಿಂದ ಒಂದು ದೊಡ್ಡದನ್ನೇ ಕಿತ್ತುಕೊಂಡಿತ್ತು. ಬೆಂಗೇರಿಯಲ್ಲಿ ಅವನ ಅಕ್ಕ ಶೇವಂತೆವ್ವ ಇದ್ದಳು. ಅವ್ವ ಹೊಲಕ್ಕೆ ಹೋದಾಗೆಲ್ಲ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆಕೆಯ ಮಗ ಹುಲಗೇಶ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಗಿರಿಯಪ್ಪನ ಮಗಳು ನೀಲಾಳನ್ನು ಸೊಸೆ ಮಾಡಿಕೊಳ್ಳಬೇಕೆಂದು ಶೇವಂತೆವ್ವನ ಆಸೆ. ತಮ್ಮನ ಮಗಳನ್ನು ಕೇಳುವುದು ಅಕ್ಕನ ಹಕ್ಕು, ಅದರಲ್ಲಿ ತಪ್ಪೇನೂ ಇಲ್ಲ. ಗಿರಿಯಪ್ಪನೂ ಹೂಂ ಅನ್ನುವವನೇ ಇದ್ದ. ಅಷ್ಟರಲ್ಲಿ ಒಂದು ಮಧ್ಯಾಹ್ನ ಬೆಂಗೇರಿಯ ಸರಾಯಿ ಅಂಗಡಿಯಿಂದ ಹುಲಗೇಶ ಗೋಡೆ ಹಿಡಿದು, ಕಾಲು ತಡವರಿಸುತ್ತ ಹೊರಬರುವುದನ್ನು ಅವನು ಕಂಡ. ಹತ್ತಿರ ಹೋಗಿ ಮಾತಾಡಿಸಲಿಲ್ಲ. ಕಣ್ಣಾರೆ ಕಂಡದ್ದನ್ನು ಕೇಳುವುದೇನು ಎಂದುಕೊಂಡು ಸೀದಾ ಮನೆಗೆ ಬಂದ. ತಿಂಗಳೊಳಗೆ ನೀಲಾಳನ್ನು ಕುಂದಗೋಳದ ಕಡೆ ಕೊಟ್ಟು ಮಾತು ಮುಗಿಸಿದ.

ಅಂದು ಶೇವಂತೆವ್ವ ಅವನ ಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಬರಲಿಲ್ಲ, ಕೂಗಾಡಲಿಲ್ಲ. "ನಿನ್ನ ಹೊಸ್ತಿಲಾ ಇನ್ನ ತುಳ್ಯಂಗಿಲ್ಲೋ ಗಿರಿಯಾ. ನೀ ಮಾಡಿದ್ದು ನಿನಗ ಒಂದ್ ದಿವ್ಸ ತಿಳೀತೈತಿ" ಎಂದಷ್ಟೇ ಹೇಳಿ ಸೆರಗು ಹೊದ್ದು ನಡೆದುಬಿಟ್ಟಳು. ನೊಂದ ಹೆಂಗಸು ಆಡುವ ಮಾತು ಅದು. ಆದರೆ ಗಿರಿಯಪ್ಪ ಅದನ್ನೂ ಗಿರಣಿಯ ಗೇಟಿನಲ್ಲಿ ನಿಲ್ಲಿಸಿ ತಡವಿ ನೋಡಿದ. ಏನು ತಿಳಿಯುತ್ತದೆ? ಯಾವಾಗ ತಿಳಿಯುತ್ತದೆ? ಮರುವರ್ಷ ನೀಲಾಳ ಚೊಚ್ಚಲ ಬಸಿರು ಐದು ತಿಂಗಳಿಗೆ ಇಳಿದುಹೋದಾಗ ಆ ಮಾತು ಅವನ ಎದೆಯಲ್ಲಿ ಎದ್ದು ಕೂತಿತು. ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಆಕೆ ನಾಲ್ಕು ಉಗಿದು ಆ ಹುಳವನ್ನು ತಲೆಯಿಂದ ತೆಗೆಯುತ್ತಿದ್ದಳೋ ಏನೋ.

ಇಲ್ಲಿ ಅವರ ಅವ್ವನ ಮಾತು ಸ್ವಲ್ಪ ಹೇಳಬೇಕು. ಆಷಾಢದ ಮಂಗಳವಾರ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಕೆರೆಯ ಕರಿಮಣ್ಣಿನಿಂದ ಗುಳ್ಳವ್ವನನ್ನು ಮಾಡುತ್ತಾರೆ. ಗೇಣುದ್ದದ ಹೆಣ್ಣುಗೊಂಬೆ, ಮೈಗೆಲ್ಲ ಕುಸುಬಿಯ ಕಾಳು, ಗುಲಗಂಜಿಯ ಕೆಂಪು ಕಣ್ಣು. ಓಣಿಯಲ್ಲಿ ಎಷ್ಟು ಗುಳ್ಳವ್ವ ಕೂಡಿಸಿದರೂ ಶೇವಂತೆವ್ವನದು ಯಾವುದೆಂದು ಥಟ್ಟನೆ ಹೇಳಬಹುದಿತ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಮಣ್ಣನ್ನು ಒಮ್ಮೆ ಹಿಂಡಿ ಮೇಲಕ್ಕೆಳೆದರೆ ಮೂಗು ಮೂಡುತ್ತಿತ್ತು, ಅದು ಎಡಕ್ಕೆ ಕೂದಲೆಳೆಯಷ್ಟು ವಾಲುತ್ತಿತ್ತು. ಗಿರಿಯಪ್ಪ ಆ ಗೊಂಬೆಯನ್ನು ಕದ್ದು ದನದ ಗ್ವಾದಲಿಯಲ್ಲಿ, ಮೇವಿನ ಅಡಿಗೆ ಮುಚ್ಚಿಡುತ್ತಿದ್ದ. ಅಕ್ಕ ಮನೆಯೆಲ್ಲ ಹುಡುಕಿ, ಅತ್ತು ಕರೆದು, ಕೊನೆಗೆ ಗ್ವಾದಲಿಗೆ ಬಂದು ಸಿಕ್ಕಿತೆಂದು ಅವನ ತಲೆಗೆ ಒಂದು ಮೊಟಕುತ್ತಿದ್ದಳು. ಪ್ರತಿವರ್ಷ ಅದೇ ಜಾಗ, ಆದರೂ ಆಕೆ ಮೊದಲು ಮನೆಯೆಲ್ಲ ಹುಡುಕುತ್ತಿದ್ದಳು.

ಮರುದಿನ ಸಂಜೆ ಗುಳ್ಳವ್ವನನ್ನು ಕೆರೆಗೆ ಬಿಟ್ಟು ದಂಡೆ ಹತ್ತಿದ ಮೇಲೆ ತಿರುಗಿ ನೋಡಬೇಕೆಂದು ಅವ್ವ ಕಲಿಸಿದ್ದಳು. ತಿರುಗಿ ನೋಡಿದರೆ ಮುಂದಿನ ವರ್ಷ ಬಾ ಎಂದಂತೆ. ನೋಡದೆ ಬಂದರೆ ಸಂಬಂಧ ಹರಿಯಿತೆಂದು ಗುಳ್ಳವ್ವ ತಿಳಿಯುತ್ತಾಳೆ. ಇನ್ನೊಂದನ್ನೂ ಆಕೆಯೇ ಕಲಿಸಿದ್ದಳು. ಕೇಡು ಬಯಸಿ ಯಾರಾದರೂ ಮಾಟ ಮಾಡಿ ಹೂತದ್ದು ಕಣ್ಣಿಗೆ ಬಿದ್ದರೆ ಎಡಗೈಯಿಂದ ಎತ್ತಿ ಮುಸ್ಸಂಜೆಗೆ ನೀರಿಗೆ ಹಾಕಬೇಕು. ತಿರುಗಿ ನೋಡಕೂಡದು. ಯಾರ ಮುಂದೆಯೂ ಬಾಯಿಬಿಡಕೂಡದು. ಬಾಯಿಬಿಟ್ಟರೆ ನೀರಿಗೆ ಹೋದದ್ದು ಬೆನ್ನು ಹತ್ತಿ ಮನೆಗೆ ಬರುತ್ತದೆ. ಅಕ್ಕ ತಮ್ಮ ಇಬ್ಬರೂ ಅವ್ವನ ತೊಡೆಗೆ ಆತು ಕೂತು ಇದನ್ನೆಲ್ಲ ಕೇಳಿದ್ದರು.

ನೀಲಾ ಮತ್ತೆ ಬಸುರಾದಳು. ಎರಡುಸಾವಿರದ ಮೂರನೇ ಇಸವಿಯ ಹೋಳಿಯ ಹೊತ್ತಿಗೆ ಏಳನೇ ತಿಂಗಳು ತುಂಬಿ ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು ತವರಿಗೆ ಬಂದಳು. ಗಿರಿಯಪ್ಪ ಜೀವವನ್ನು ಕೈಯಲ್ಲಿ ಹಿಡಿದುಕೊಂಡಂತೆ ಓಡಾಡತೊಡಗಿದ. ಮಗಳು ಕೆಮ್ಮಿದರೆ ಅವನಿಗೆ ನಿದ್ದೆ ಇಲ್ಲ. ಅವಳು ಮಾತ್ರ ಬಂದ ದಿನವೇ ಅಪ್ಪನ ಹತ್ತಿರ ಒಂದು ಮಾತು ಕೇಳಿದ್ದಳು. ಕುಬಸದಲ್ಲಿ ಸೋದರತ್ತೆಯ ಕೈಯಿಂದಲೇ ಮೊದಲ ಕುಬಸ ತೊಡಬೇಕು, ಬೆಂಗೇರಿಯ ಅತ್ತೆಯನ್ನು ಕರೆಯಬೇಕು. ಗಿರಿಯಪ್ಪ ಇಲ್ಲ ಎನ್ನಲಿಲ್ಲ. ಅಕ್ಕನ ನೆನಪು ಅವನಿಗೂ ಒಳಗೊಳಗೇ ಇತ್ತು. ನಾಲ್ಕು ದಿನ ಬಿಟ್ಟು ಹೋಗಿ ಕರೆದು ಬರುತ್ತೇನೆ ಎಂದಿದ್ದ. ಹೋಗುವವನೂ ಇದ್ದ.

ರಂಗಪಂಚಮಿಯ ಮರುದಿನ ಬೆಳಿಗ್ಗೆ ತೋಟದ ಬನ್ನಿಮರದ ಬೇರಿನ ಸಂದಿಯಲ್ಲಿ ಏನೋ ಕೆಂಪಗೆ ಮಿಂಚಿತು. ಬಗ್ಗಿ ನೋಡಿದ. ಒಣಗಿದ ಎಲೆ ಸರಿಸಿದರೆ ಮಣ್ಣಿನ ಹೆಣ್ಣುಗೊಂಬೆ. ಗುಲಗಂಜಿಯ ಕಣ್ಣು. ಸೊಂಟಕ್ಕೆ ಕೆಂಪು ದಾರ ಸುತ್ತಿ ಗಂಟು ಹಾಕಿತ್ತು. ಆಷಾಢ ಇನ್ನೂ ಎಲ್ಲಿಯೋ ಇದೆ, ಫಾಲ್ಗುಣದಲ್ಲಿ ಗುಳ್ಳವ್ವನನ್ನು ಯಾರು ಮಾಡುತ್ತಾರೆ? ಮಾಡಿದರೂ ಕೆಂಪು ದಾರ ಯಾಕೆ? ಪೂಜೆಯ ಗುಳ್ಳವ್ವನಿಗೆ ಯಾರೂ ದಾರ ಬಿಗಿಯುವುದಿಲ್ಲ. ಅದೂ ಸೊಂಟಕ್ಕೆ, ಬಸಿರು ಇರುವ ಜಾಗಕ್ಕೆ. ಅವನು ಮೊಣಕಾಲೂರಿ ಮುಖ ಹತ್ತಿರ ತಂದು ನೋಡಿದ. ಮೂಗು ಎಡಕ್ಕೆ ಕೂದಲೆಳೆಯಷ್ಟು ವಾಲಿತ್ತು.

ಲೋಕದ ಕಳ್ಳರನ್ನೆಲ್ಲ ಹಿಡಿದವನಿಗೆ ತನ್ನ ಬೆನ್ನಿಗೇ ಬಿದ್ದವಳು ಅಕ್ಕ ಎಂದು ಒಪ್ಪಿಕೊಳ್ಳುವುದು ಸುಲಭವಾಗಲಿಲ್ಲ. ಇಡೀ ದಿನ ಆ ಮರದ ಸುತ್ತಲೇ ಸುಳಿದಾಡಿದ. ಮುಸ್ಸಂಜೆಗೆ ಎಡಗೈಯಿಂದ ಗೊಂಬೆಯನ್ನೆತ್ತಿ ಕೆರೆಯ ಮೆಟ್ಟಿಲಿಳಿದು ನೀರಿಗೆ ಹಾಕಿದ. ಸುಡದ ಹಸಿಮಣ್ಣು, ಗುಳುಕ್ ಎಂದು ಮುಳುಗಿತು. ತಿರುಗಿ ನೋಡದೆ ಬಂದ. ಸಾವಂತ್ರೆವ್ವ ಮುಖ ಯಾಕೆ ಹೀಗಾಗಿದೆ ಎಂದು ಕೇಳಿದರೆ ಪಿತ್ತ ಎಂದ.

ಒಂದಕ್ಕೆ ಮುಗಿಯಲಿಲ್ಲ. ಮರುದಿನ ಕಾರಂಜಿಯ ಕಟ್ಟೆಯ ಬಿರುಕಿನಲ್ಲಿ ಒಂದು, ಅದರ ಮರುದಿನ ದಾಸವಾಳದ ಪೊದೆಯಲ್ಲಿ ಇನ್ನೊಂದು. ಜಾರುಬಂಡಿಯ ಅಡಿಯಲ್ಲಿ ಒಂದು. ಒಂದೊಂದಕ್ಕೆ ಒಂದೊಂದು ಭಂಗಿ: ಒಂದು ಕೂತದ್ದು, ಒಂದು ಕೊಡ ಹೊತ್ತದ್ದು, ಒಂದರ ಕಂಕುಳಲ್ಲಿ ಕೂಸು. ಕೂಸಿನದನ್ನು ಅವನು ಎರಡನೇ ಸಲ ನೋಡದೆ ಟವೆಲಿನಲ್ಲಿ ಸುತ್ತಿಟ್ಟ. ಎಲ್ಲಕ್ಕೂ ಅದೇ ಕೆಂಪು ದಾರ, ಅದೇ ವಾಲಿದ ಮೂಗು. ಗೊಂಬೆಗಳು ಚೆಂದವಾಗಿದ್ದವು ಎಂಬುದು ಅವನಿಗೆ ಕಾಣದೆ ಇರಲಿಲ್ಲ, ಆದರೆ ಚೆಂದವೂ ಅವನಿಗೆ ಮೋಸದಂತೆಯೇ ಕಂಡಿತು. ಗಿರಣಿಯಲ್ಲಿ ಕಲಿತ ವಿದ್ಯೆಯನ್ನೆಲ್ಲ ಹಚ್ಚಿ ತೋಟದ ಒಂದು ಮೂಲೆ ಬಿಡದೆ ತಡಕಿದ. ಸಿಕ್ಕಿದ್ದನ್ನೆಲ್ಲ ಮುಸ್ಸಂಜೆಗೆ ನೀರಿಗೆ ಹಾಕಿದ. ಒಮ್ಮೆಯೂ ತಿರುಗಿ ನೋಡಲಿಲ್ಲ, ಯಾರಿಗೂ ಹೇಳಲಿಲ್ಲ.

ಇಡುವವರು ಯಾರು? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ತಾಜಬಿಯ ಮೇಲೂ ಎರಡು ದಿನ ಕಣ್ಣಿಟ್ಟ, ಆಕೆಯ ಚುರುಮುರಿಯ ಚೀಲದಲ್ಲಿ ಕೈಹಾಕಿ ನೋಡಿ ಬೈಸಿಕೊಂಡ. ಶುಕ್ರವಾರ ನಸುಕಿನಲ್ಲಿ ಅವನಿಗೆ ಬೇಕಾದದ್ದು ಕಂಡಿತು. ಹುಲಗೇಶ ಹೆಗಲಿಗೆ ಚೀಲ ಹಾಕಿಕೊಂಡು, ಕನ್ನಡಕದ ಒಬ್ಬ ಹೆಣ್ಣುಮಗಳ ಜೊತೆ ಕೆರೆಯ ಆಚೆ ಮಗ್ಗುಲಿನಿಂದ ತೋಟದೊಳಗೆ ಬಂದ. ಇಬ್ಬರೂ ಆಲದ ಮರದ ಹತ್ತಿರ ಬಗ್ಗಿ ಎದ್ದರು. ಹುಲಗೇಶ ನಾಲ್ಕೂ ದಿಕ್ಕಿಗೆ ಕಳ್ಳನೋಟ ಬೀರಿದ. ಗಿರಿಯಪ್ಪ ಪಂಪಿನ ಮನೆಯ ಹಿಂದೆ ಅಡಗಿ ನಿಂತಿದ್ದ. ಮೈಮೇಲೆ ಬಿದ್ದು ಕೊರಳಪಟ್ಟಿ ಹಿಡಿಯೋಣವೆಂದರೆ ಬಾಯಿಬಿಡಕೂಡದು. ಅವರನ್ನು ಹೋಗಗೊಟ್ಟ, ಆಲದ ಮರದ ಗೊಂಬೆಯೂ ಅಂದೇ ಮುಸ್ಸಂಜೆ ನೀರಿಗೆ ಹೋಯಿತು. ಅವ್ವ ಹೇಳಿದ ಆ ಒಂದು ಕಟ್ಟು ಅವನ ಬಾಯಿಗೆ ಬೀಗ ಹಾಕಿರದಿದ್ದರೆ ಈ ಕಥೆ ಅಲ್ಲಿಗೇ ಮುಗಿದು, ಮಾವ ಅಳಿಯ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು.

ಅಂದು ಮಧ್ಯಾಹ್ನ ಮನೆಗೆ ಬಂದವನೇ ಬೆಂಗೇರಿಗೆ ಕುಬಸದ ಹೇಳಿಕೆ ಕೊಡುವುದು ಬೇಡ ಎಂದ. ಸಾವಂತ್ರೆವ್ವ ಯಾಕೆಂದು ಕೇಳಿದಳು. ಬೇಡ ಅಂದರೆ ಬೇಡ. ನೀಲಾ ಗೋಡೆಗೆ ಆತು ಕೂತಿದ್ದಳು. "ಯಪ್ಪಾ, ಅತ್ತಿ ಏನ್ ಮಾಡ್ಯಾಳಂತಾದ್ರೂ ಹೇಳು" ಎಂದಳು. ಅವನಿಗೆ ಹೇಳುವಂತಿರಲಿಲ್ಲ, ಮಗಳ ಮುಂದಂತೂ ಪ್ರಾಣ ಹೋದರೂ ಹೇಳುವಂತಿರಲಿಲ್ಲ. ಶನಿವಾರ ಕುಬಸವಾಯಿತು. ಹಸಿರು ಸೀರೆ, ಹಸಿರು ಬಳೆ, ಮುಡಿಗೆ ಹೂವು ಎಲ್ಲ ಇದ್ದವು. ಮೊದಲ ಕುಬಸ ತೊಡಿಸಲು ಪಕ್ಕದ ಮನೆಯ ಮುದುಕಿಯನ್ನು ಕರೆದಾಗ ನೀಲಾ ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ. ಹಾಡು ಹೇಳುವ ಹೆಂಗಸರು ಸೋದರತ್ತೆಯ ನುಡಿ ಬಂದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಕ್ಕೆ ದಾಟಿದರು.

ಮರುದಿನ ಭಾನುವಾರ. ಗಿರಿಯಪ್ಪ ತೋಟಕ್ಕೆ ಬಂದರೆ ಗೇಟಿಗೆ ಬಟ್ಟೆಯ ಬ್ಯಾನರು ಕಟ್ಟುತ್ತಿದ್ದರು. ಧ್ವನಿವರ್ಧಕ ಬಂದಿತ್ತು. ಸ್ಕೂಟರುಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನವನಗರ, ವಿದ್ಯಾನಗರ ಎಲ್ಲ ಕಡೆಯಿಂದ ಜನ ಬರುತ್ತಿದ್ದರು. ತಾಜಬಿಯ ಗಾಡಿಗೆ ಬೆಳಿಗ್ಗೆಯೇ ಗಿರಾಕಿ ಮುತ್ತಿದ್ದರು. ಕನ್ನಡಕದ ಆ ಹೆಣ್ಣುಮಗಳು ನಡುವೆ ನಿಂತು ಎಲ್ಲರಿಗೂ ಕೆಲಸ ಹಚ್ಚುತ್ತಿದ್ದಳು. ಆಕೆಯ ಹೆಸರು ಸುಮಲತಾ, ಚಿತ್ರಕಲೆಯ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು ಎಂದು ತಾಜಬಿ ಹೇಳಿದಳು. ಗಿರಿಯಪ್ಪ ಗೇಟಿನ ಕಂಬಕ್ಕೆ ಅಂಟಿಕೊಂಡು ನಿಂತ. ಇಷ್ಟು ಜನ ಸೇರಿ ಮಾಟ ಮಾಡುವುದನ್ನು ಅವನು ಎಲ್ಲಿಯೂ ಕೇಳಿರಲಿಲ್ಲ.

ಸುಮಲತಾ ಮೈಕಿನಲ್ಲಿ ಮಾತಾಡಿದಳು. ಚಿತ್ರ, ಶಿಲ್ಪ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ಇಡುವಂಥದ್ದು ಎಂದು ಜನ ದೂರ ನಿಲ್ಲುತ್ತಾರೆ. ಅದಕ್ಕೇ ಈ ತೋಟದ ತುಂಬ ಮಣ್ಣಿನ ಗೊಂಬೆಗಳನ್ನು ಬಚ್ಚಿಟ್ಟಿದ್ದೇವೆ, ಹುಡುಕಿರಿ, ಯಾರಿಗೆ ಸಿಕ್ಕಿತೋ ಅವರದು, ಮನೆಗೆ ಒಯ್ದು ಇಟ್ಟುಕೊಳ್ಳಿರಿ ಎಂದಳು. ಮಕ್ಕಳ ಕಣ್ಣಿಗೆ ಬೇಗ ಬೀಳಲೆಂದು ಪ್ರತಿ ಗೊಂಬೆಗೂ ಕೆಂಪು ದಾರ ಕಟ್ಟಿದ್ದೇನೆ ಎಂದೂ ಹೇಳಿದಳು. ಹಿಂದೆ ಧಾರವಾಡದ ಒಂದು ತೋಟದಲ್ಲಿ ಇಂಥದ್ದೇ ಆಟ ಇಟ್ಟಾಗ ಅಲ್ಲಿಯ ಮಾಲಿ ತನ್ನ ಬಳಗದ ಹುಡುಗರಿಗೆಲ್ಲ ಮೊದಲೇ ಜಾಗ ತೋರಿಸಿದ್ದನಂತೆ. ಅದಕ್ಕೇ ಈ ಸಲ ಕಾವಲಿನವನಿಗೂ ತಿಳಿಯದಂತೆ ದಿನಕ್ಕಿಷ್ಟು ತಂದು ಇಟ್ಟಿದ್ದರು, ಇಟ್ಟಲ್ಲಿಗೆ ಮತ್ತೆ ಹೋಗಿ ನೋಡಿರಲಿಲ್ಲ. ಗಿರಿಯಪ್ಪನ ಮೇಲೂ ಒಬ್ಬರಿಗೆ ಸಂಶಯವಿತ್ತು ಅನ್ನಿ.

ಆಮೇಲೆ ಸುಮಲತಾ ಗೊಂಬೆ ಮಾಡಿದವರನ್ನು ಕರೆದಳು. ತಮ್ಮ ಸಾಲಿಯ ಬೋರ್ಡು ಬರೆಯಲು ಬಂದಿದ್ದ ಹುಲಗೇಶ ತನ್ನ ಅವ್ವನ ಕೈಯ ಗುಳ್ಳವ್ವನನ್ನು ತೋರಿಸಿದ್ದರಿಂದ ಇದೆಲ್ಲ ಆಯಿತು ಎಂದು ಹೇಳಿ ಆಕೆಯ ಕೊರಳಿಗೆ ಸೇವಂತಿಗೆಯ ಹಾರ ಹಾಕಿದಳು. ಇಳಕಲ್ಲಿನ ಸೀರೆ ಉಟ್ಟು ಶೇವಂತೆವ್ವ ಮೈಕಿನ ಮುಂದೆ ನಿಂತಳು. ಕೂದಲು ಪೂರಾ ಬೆಳ್ಳಗಾಗಿತ್ತು. ಹುಟ್ಟಿದಾಗಿನಿಂದ ಅವಳ ಕೈಗೆಲಸಕ್ಕೆ ಯಾರೂ ಹಾರ ಹಾಕಿರಲಿಲ್ಲ. ಗೇಟಿನ ಕಡೆ ನೋಡಿ ಆಡಿದಳು.

"ಸಣ್ಣಾಕಿ ಇದ್ದಾಗ ನಾ ಮಾಡಿದ ಗುಳ್ಳವ್ವನ್ನ ನನ್ನ ತಮ್ಮ ಮುಚ್ಚಿಡ್ತಿದ್ದ. ನಾ ಹುಡುಕ್ತಿದ್ದೆ. ಅದನ್ನ ಅಕ್ಕೋರ ಮುಂದ ಹೇಳ್ದೆ, ಅವರು ಈ ಆಟಾ ಮಾಡಿದ್ರು. ಈ ಸಲ ನಾ ಮುಚ್ಚಿಟ್ಟೇನಿ. ಅಂವ ಹುಡುಕ್ಲಿ."

ಜನ ಚಪ್ಪಾಳೆ ತಟ್ಟಿದರು. ಗಿರಿಯಪ್ಪನ ಕಣ್ಣು ಕೆರೆಯ ಕಡೆ ಹೋಯಿತು. ಕಂಬ ಹಿಡಿದದ್ದಕ್ಕೆ ನಿಂತ.

ಮಕ್ಕಳು ತೋಟದ ತುಂಬ ಹರಡಿಕೊಂಡರು. ಪೊದೆ ಸರಿಸಿದರು, ಕಲ್ಲು ಎತ್ತಿದರು, ಮರ ಹತ್ತಿದರು. ಮೊದಮೊದಲು ಕೇಕೆ, ಆಮೇಲೆ ಗೊಣಗಾಟ, ಬಿಸಿಲು ಏರಿದಂತೆ ಅಳು. ಒಂದೂ ಸಿಗಲಿಲ್ಲ. ಸುಮಲತಾ ತಾನೇ ಹೋಗಿ ಬನ್ನಿಮರದ ಬೇರು ನೋಡಿದಳು, ಆಲದ ಮರ ನೋಡಿದಳು, ಬಣ್ಣಗೆಟ್ಟ ಮುಖದಿಂದ ಮರಳಿದಳು. ಕರೆದು ತಂದು ಮೋಸ ಮಾಡಿದರೆಂದು ಜನ ಸಿಡಿಮಿಡಿಗೊಂಡರು. ಗುಂಪಿನಲ್ಲಿ ಯಾರೋ ಒಬ್ಬರು, ಮುದುಕಿಗೆ ಜಾಗ ಗೊತ್ತಿತ್ತಲ್ಲ, ಆಕೆಯೇ ಮಗನ ಕೈಯಲ್ಲಿ ತೆಗೆಸಿ ಸಂತೆಯಲ್ಲಿ ಮಾರಿರಬೇಕು ಎಂದರು. ಮಾತಿಗೆ ಕಾಲು ಬಂದು ಒಬ್ಬರಿಂದ ಒಬ್ಬರಿಗೆ ನಡೆಯಿತು. ಸುಮಲತಾಳ ಕಣ್ಣು ಕೂಡ ಒಮ್ಮೆ ಹುಲಗೇಶನ ಚೀಲದ ಮೇಲೆ ಹೋಗಿ ಬಂತು. ಅದನ್ನು ಶೇವಂತೆವ್ವ ಕಂಡಳು. ಕಲ್ಲುಬೆಂಚಿನ ಮೇಲೆ ಹಾರ ಹಾಕಿಕೊಂಡು ಕೂತವಳು ಹಾರದ ಹೂವನ್ನು ಬೆರಳಿನಿಂದ ಸವರುತ್ತ ಸುಮ್ಮನೆ ನೆಲ ನೋಡತೊಡಗಿದಳು.

ಗಿರಿಯಪ್ಪ ಎಲ್ಲವನ್ನೂ ಗೇಟಿನಿಂದಲೇ ನೋಡುತ್ತಿದ್ದ. ಬಾಯಿಬಿಟ್ಟರೆ ತೋಟದ ಕೆಲಸ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಇಷ್ಟೆಲ್ಲ ಕೇಳಿದ ಮೇಲೂ ಅವ್ವನ ಮಾತು ಅವನನ್ನು ಹಿಡಿದು ನಿಲ್ಲಿಸಿತ್ತು. ಹೇಳಿದರೆ ಬೆನ್ನು ಹತ್ತಿ ಬರುತ್ತದೆ, ಮನೆಯಲ್ಲಿ ನೀಲಾ ಇದ್ದಾಳೆ. ಹುಸಿ ಎಂದು ತಿಳಿದ ಮೇಲೂ ಭಯ ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ. ಆದರೆ ಅಕ್ಕನ ಮೈ ತಡವಲು ಜನ ನಿಂತಿದ್ದರು. ಅವನು ಕಂಬ ಬಿಟ್ಟು ಬಂದ.

"ಆಕಿ ಒಯ್ದಿಲ್ರಿ ಅಕ್ಕೋರ" ಎಂದ. "ನಾ ನೀರಿಗೆ ಹಾಕೇನಿ. ಯಾರೋ ಮಾಟ ಮಾಡಿ ಇಟ್ಟಾರಂತ ತಿಳದೆ."

ಕೆಲವರು ನಕ್ಕರು. ಹುಲಗೇಶ ಮುಷ್ಟಿ ಬಿಗಿದ. ಶೇವಂತೆವ್ವ ಮೆಲ್ಲಗೆ ತಲೆ ಎತ್ತಿದಳು.

"ಎಲ್ಲಾನೂ?"

"ಎಲ್ಲಾನೂ."

"ನನ್ನ ಕೈ ಗುರುತು ಸಿಗಲಿಲ್ಲೇನೋ ಗಿರಿಯಾ ನಿನಗ?"

ಇಲ್ಲ ಎಂದಿದ್ದರೆ ಇಬ್ಬರೂ ಬದುಕುತ್ತಿದ್ದರು. ಆಕೆಯ ಕಣ್ಣು ಇಲ್ಲ ಅನ್ನು ಎಂದೇ ಬೇಡುತ್ತಿತ್ತು. ಆದರೆ ಆಯುಷ್ಯವೆಲ್ಲ ಬೇರೆಯವರ ಸುಳ್ಳು ಹಿಡಿದವನಿಗೆ ಬೇಕಾದ ಹೊತ್ತಿನಲ್ಲಿ ತಾನೊಂದು ಸುಳ್ಳು ಹೇಳಲು ಬರಲಿಲ್ಲ.

"ಸಿಕ್ಕಿತ್ತು."

"ಸಿಕ್ಕ ಮ್ಯಾಲೂ ಹಾಕ್ದಿ?"

"ಸಿಕ್ಕಿತ್ತಂತನ ಹಾಕ್ದೆ, ಯಕ್ಕಾ."

ಶೇವಂತೆವ್ವ ಅಳಲಿಲ್ಲ. ಕೊರಳಿನ ಹಾರ ತೆಗೆದು ಬೆಂಚಿನ ಮೇಲಿಟ್ಟಳು. ಮಗನ ಕೈ ಹಿಡಿದು ಎದ್ದಳು. ಎರಡು ಹೆಜ್ಜೆ ಹೋದವಳು ನಿಂತು, ತಿರುಗಿ ನೋಡಿದ್ದೆಯಾ ಎಂದು ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ. ಆಕೆ ಬಿಸಿಲಲ್ಲಿ ಬೆಂಗೇರಿಯ ಹಾದಿ ಹಿಡಿದಳು.

ಕೆಲಸವೇನೋ ಉಳಿಯಿತು. ಮೊದಲೇ ತಿಳಿಸದೆ ಇದ್ದದ್ದು ತನ್ನ ತಪ್ಪು ಎಂದು ಸುಮಲತಾ ಮೇಲಿನವರ ಹತ್ತಿರ ಹೋಗಿ ಹೇಳಿದಳು. ತೋಟದಲ್ಲಿ ಹುಡುಗರು ಅವನನ್ನು ಕಂಡರೆ ಮಾಟ ಮಾಟ ಎಂದು ಕೂಗಿ ಓಡತೊಡಗಿದರು. ಅವನು ಬೈಯಲಿಲ್ಲ. ಮನೆಯಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿದ. ಸರಾಯಿ ಅಂಗಡಿಯ ಮಾತೂ ಆಗಲೇ ಹೊರಬಿತ್ತು. ನೀಲಾ, ಅಂದು ಹುಲಗೇಶ ಆ ಅಂಗಡಿಯ ಬೋರ್ಡು ಬರೆಯುತ್ತಿದ್ದ, ಏಣಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದ ಎಂದಳು. ಬೆಂಗೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ನನಗೇಕೆ ಹೇಳಲಿಲ್ಲ ಎಂದು ಅವನು ಕೇಳಿದ.

"ನೀ ಯಾವಾಗ ಕೇಳಿದ್ದಿ, ಯಪ್ಪಾ?" ಎಂದಳು ನೀಲಾ.

ಮೇ ತಿಂಗಳಲ್ಲಿ ನೀಲಾ ಹೆಣ್ಣುಮಗುವನ್ನು ಹೆತ್ತಳು. ತಾಯಿ ಮಗು ಕ್ಷೇಮವಾಗಿದ್ದರು. ತೊಟ್ಟಿಲಿಗೆ ಹಾಕುವ ದಿನ ಸಾವಂತ್ರೆವ್ವ ತಾನೇ ಬೆಂಗೇರಿಗೆ ಹೋಗಿ ಕರೆದು ಬಂದಳು. ಶೇವಂತೆವ್ವ ಕೂಸಿಗೆ ಒಂದು ಅಂಗಿ, ಬಾಣಂತಿಗೆ ಅಂಟಿನುಂಡೆ ಕಳಿಸಿದಳು. ತಾನು ಬರಲಿಲ್ಲ.

ಆಷಾಢ ಬಂತು. ಮೊದಲ ಮಂಗಳವಾರ ಗಿರಿಯಪ್ಪ ಕೆರೆಯ ಮೆಟ್ಟಿಲಿಳಿದು, ಗೊಂಬೆಗಳನ್ನು ಹಾಕಿದ ಜಾಗದಲ್ಲೇ ಕೈಯಾಡಿಸಿ ಮಣ್ಣು ತೆಗೆದ. ಗಂಡಸರು ಗುಳ್ಳವ್ವ ಮಾಡುವ ಪದ್ಧತಿಯಿಲ್ಲ. ಪಂಪಿನ ಮನೆಯ ಹಿಂದೆ ಕೂತು ಮಾಡಿದ. ತಲೆ ದೊಡ್ಡದಾಯಿತು, ಕಾಲು ಗಿಡ್ಡವಾದವು. ಮೂಗು ಎಷ್ಟು ಹಿಂಡಿದರೂ ಬರಲೊಲ್ಲದು. ಬಲಕ್ಕೆ ವಾಲುತ್ತಿತ್ತು, ಇಲ್ಲವೇ ಕಿತ್ತು ಬರುತ್ತಿತ್ತು. ಕೊನೆಗೆ ಬಂದಷ್ಟು ಬರಲಿ ಎಂದು ಬಿಟ್ಟು ಗುಲಗಂಜಿ ಒತ್ತಿದ. ಟವೆಲಿನಲ್ಲಿ ಸುತ್ತಿಕೊಂಡು ಮಧ್ಯಾಹ್ನ ಬೆಂಗೇರಿಗೆ ಹೋದ. ಅಕ್ಕ ಬಾವಿಗೆ ಹೋದ ಹೊತ್ತು ನೋಡಿ, ಆಕೆಯ ಎಮ್ಮೆಯ ಗ್ವಾದಲಿಯಲ್ಲಿ ಮೇವಿನ ಅಡಿಗೆ ಮುಚ್ಚಿಟ್ಟು, ಕಳ್ಳನ ಹಾಗೆ ಮರಳಿದ.

ಮರಳಿದವನಿಗೆ ಊಟ ಸೇರಲಿಲ್ಲ. ಆಕೆ ನೋಡಿದಳೋ ಇಲ್ಲವೋ? ನೋಡಿದರೆ ಏನೆಂದುಕೊಳ್ಳುತ್ತಾಳೆ? ಹೇಳದೆ ಕೇಳದೆ ಗ್ವಾದಲಿಯಲ್ಲಿ ಮಣ್ಣಿನ ಗೊಂಬೆ ಇಟ್ಟು ಹೋದವರನ್ನು ಯಾರು ತಾನೇ ನಂಬುತ್ತಾರೆ? ತನ್ನ ಹುಳ ಅಕ್ಕನ ತಲೆಗೂ ಹತ್ತಿದ್ದರೆ? ಅವನಿಗೆ ಮೊದಲ ಸಲ ಸಂಶಯಕ್ಕೆ ಒಳಗಾಗುವುದು ಹೇಗಿರುತ್ತದೆ ಎಂದು ತಿಳಿಯಿತು.

ಬುಧವಾರ ಮುಸ್ಸಂಜೆ, ಮೋಡ ಕವಿದ ಹೊತ್ತಿನಲ್ಲಿ, ಶೇವಂತೆವ್ವ ಒಬ್ಬಳೇ ತೋಟದೊಳಗೆ ಬಂದಳು. ಸೆರಗಿನ ಅಡಿಯಲ್ಲಿ ಏನೋ ಹಿಡಿದಿದ್ದಳು. ಗಿರಿಯಪ್ಪ ಬನ್ನಿಮರದ ಮರೆಗೆ ಸರಿದ. ಎದುರಿಗೆ ಹೋಗುವ ಧೈರ್ಯವಾಗಲಿಲ್ಲ. ಆಕೆ ಸಾವಕಾಶ ಮೆಟ್ಟಿಲಿಳಿದಳು. ಎಡಗೈಯೋ ಬಲಗೈಯೋ ಬೆನ್ನಿನ ಮರೆಯಾಗಿ ಅವನಿಗೆ ಕಾಣಲಿಲ್ಲ. ಬಗ್ಗಿದಳು, ನೀರಿಗೆ ಬಿಟ್ಟಳು, ಎದ್ದು ಮೆಟ್ಟಿಲು ಹತ್ತಿ ಮೇಲೆ ಬಂದಳು. ದಂಡೆಯ ಮೇಲೆ ಬಂದಮೇಲೆ ತಿರುಗಬೇಕು. ತಿರುಗಲಿಲ್ಲ. ಸೀದಾ ಹಾದಿ ಹಿಡಿದು ನಡೆದಳು. ಬನ್ನಿಮರ ದಾಟಿದಳು, ಕಾರಂಜಿ ದಾಟಿದಳು. ಗಿರಿಯಪ್ಪ ಮರದ ಮರೆಯಲ್ಲೇ ನಿಂತು ನೋಡಿದ. ನೀ ಮಾಡಿದ್ದು ನಿನಗೆ ಒಂದು ದಿನ ತಿಳಿಯುತ್ತದೆ ಎಂದು ಆಕೆ ಎಂದೋ ಹೇಳಿದ್ದಳು. ತಿಳಿಯಿತು ಎಂದುಕೊಂಡು ಕಣ್ಣೊರೆಸಿಕೊಂಡ.

ಗೇಟಿನ ಹತ್ತಿರ ಶೇವಂತೆವ್ವ ನಿಂತಳು. ತಾಜಬಿಯ ಗಾಡಿಯ ಕಂದೀಲು ಆಗಷ್ಟೇ ಹೊತ್ತಿತ್ತು. ಆಕೆ ಒಂದು ಕೈಯಿಂದ ಗೇಟು ಹಿಡಿದಳು. ಆಮೇಲೆ ತಿರುಗಿ, ಕತ್ತಲಾಗುತ್ತಿದ್ದ ಕೆರೆಯನ್ನು ನೋಡಿದಳು, ಬನ್ನಿಮರವನ್ನು ನೋಡಿದಳು.

"ಮೂಗು ಹಂಗ ಹಿಂಡ್ತಾರೇನೋ?" ಎಂದಳು. "ಬಾ ಈಕಡೆ. ಕೂಸಿನ ತೋರ್ಸು ನಡಿ."